ಬದುವಿನ ಹಸಿರು, ಹೊಲದ ಹಸಿ

ದ್ವಿದಳ ಜಾತಿಯ ಗಿಡಗಳನ್ನು ಹೊಲದಲ್ಲಿ ಒತ್ತಾಗಿ ಸಾಲು ನೆಟ್ಟು, ಅವು ಮರವಾಗಿ ಬೆಳೆಯದಂತೆ ಆಗಾಗ ಸವರಿ, ಕಡಿದ ಸೊಪ್ಪನ್ನು ಅದೇ ಮಣ್ಣಿಗೆ ಸೇರಿಸುತ್ತ ಸಾಲುಗಳ ನಡುವೆ ಬೆಳೆ ತೆಗೆಯುವುದು ಕೃಷಿ ಅರಣ್ಯದ ಒಂದು ಪ್ರಮುಖ ಪದ್ಧತಿ. ನೈಜೀರಿಯದ ಇಬಾದಾನಿನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಇದನ್ನು ವ್ಯವಸ್ಥಿತ ಪ್ರಯೋಗಕ್ಕೆ ಒಳಪಡಿಸಿದ ಮೇಲೆ, ಭೂಮಿಯನ್ನು ವರ್ಷಗಟ್ಟಲೆ ಬೀಳು ಬಿಡದೆಯೇ ಅದರ ಸಾರವನ್ನು ಉಳಿಸಿಕೊಳ್ಳಬಹುದೆಂಬ ಭರವಸೆ ಉಷ್ಣವಲಯದ ಅನೇಕ ದೇಶಗಳಿಗೆ ಹಬ್ಬಿತು. ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿರುವ ಕೊಪ್ಪಳ ಜಿಲ್ಲೆಯಲ್ಲಿ ಈ ಭರವಸೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಗಿಡದ ಜಾತಿಗಿಂತ ಹೆಚ್ಚಾಗಿ ನೆಲದೊಳಗಿನ ನೀರೇ ತೀರ್ಮಾನಿಸುತ್ತದೆ. ಆದ್ದರಿಂದ ಇಲ್ಲಿನ ಮಸಾರಿ ಭೂಮಿ, ಎರೆ ಭೂಮಿ ಮತ್ತು ಕಾಲುವೆ ನೀರಾವರಿಯ ಗದ್ದೆಗಳಿಗೆ ಒಂದೇ ಸಲಹೆ ಹೊಂದುವುದಿಲ್ಲ.

ಗೊಬ್ಬರದ ಗಿಡವೆಂದು ಕರೆಯಲಾಗುವ ಗ್ಲಿರಿಸಿಡಿಯಾ ಮತ್ತು ಸುಬಾಬುಲ್ ಈ ಪದ್ಧತಿಯಲ್ಲಿ ಹೆಚ್ಚು ಬಳಕೆಯಾಗುವ ಗಿಡಗಳು. ಇವುಗಳ ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಎಂಬ ಸೂಕ್ಷ್ಮಾಣುಗಳು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಒಣಗಿದ ಸೊಪ್ಪಿನ ತೂಕದಲ್ಲಿ ಸಾರಜನಕದ ಪಾಲು ಸುಮಾರು ಶೇ 3ರಷ್ಟಿರುವುದರಿಂದ, ಒಂದು ಟನ್ ಒಣ ಸೊಪ್ಪು, ಅಂದರೆ ನಾಲ್ಕೈದು ಟನ್ ಹಸಿ ಸೊಪ್ಪು, ಮಣ್ಣಿಗೆ 30 ಕಿಲೋದಷ್ಟು ಸಾರಜನಕವನ್ನು ಸೇರಿಸುತ್ತದೆ; ಅದರಲ್ಲಿ ಒಂದು ಭಾಗ ಮಾತ್ರ ಆ ಹಂಗಾಮಿನ ಬೆಳೆಗೆ ಸಿಕ್ಕಿ, ಉಳಿದದ್ದು ಸಾವಯವ ಅಂಶವಾಗಿ ನಿಧಾನವಾಗಿ ಒದಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ನೆಟ್ಟ ಸಾಲು ಹರಿಯುವ ನೀರನ್ನು ತಡೆದು ಇಂಗಿಸುತ್ತದೆ ಮತ್ತು ಕೊಚ್ಚಿಬಂದ ಮಣ್ಣನ್ನು ತನ್ನ ಮೇಲ್ಬದಿಯಲ್ಲಿ ಹಿಡಿದಿಡುತ್ತದೆ. ಆದರೆ ಸಾಲಿನ ಕೆಳಬದಿಯ ಮಣ್ಣು ಕ್ರಮೇಣ ತೆಳುವಾಗಿ ಸಾರ ಕಳೆದುಕೊಳ್ಳುವುದರಿಂದ, ಸವರಿದ ಸೊಪ್ಪನ್ನು ಮೊದಲು ಅಲ್ಲಿಗೇ ಹರಡಬೇಕಾಗುತ್ತದೆ.

ಈ ಉಪಕಾರಕ್ಕೆ ನೀರಿನ ರೂಪದಲ್ಲಿ ಬೆಲೆ ತೆರಬೇಕು. 1972ರಲ್ಲಿ ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಅರೆಶುಷ್ಕ ಪ್ರದೇಶಗಳ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗಗಳು, ಸುಬಾಬುಲ್ ಸಾಲುಗಳ ಬೇರುಗಳು ಪಕ್ಕದ ಬೆಳೆಯ ಹಸಿಯನ್ನು ಹೀರಿ ಇಳುವರಿಯನ್ನು ತಗ್ಗಿಸುವುದನ್ನು ತೋರಿಸಿದವು. ಮಳೆ ಸಮೃದ್ಧವಾಗಿರುವ ಕಡೆ ಸೊಪ್ಪಿನ ಲಾಭವೇ ಮುಂದಾದರೆ, ಮಳೆ ಕಡಿಮೆಯಿರುವ ಕಡೆ ಬೇರಿನ ಪೈಪೋಟಿಯೇ ಮುಂದಾಗುತ್ತದೆ. ಹೊಲದ ನಡುವಿನ ಸಾಲುಗಳು ಎತ್ತಿನ ಕುಂಟೆಗೂ ಅಡ್ಡಿಯಾಗುತ್ತವೆ.

ಹೀಗಾಗಿ ಕೊಪ್ಪಳ ಮತ್ತು ಕುಷ್ಟಗಿಯ ಮಸಾರಿ ಭೂಮಿಯಲ್ಲಿ ಇಂಥ ಸಾಲಿಗೆ ತಕ್ಕ ಜಾಗ ಬದು. ಕೆಂಪು ಮರಳುಮಿಶ್ರಿತ ಈ ಮಣ್ಣು ಆಳ ಕಡಿಮೆಯಿದ್ದು, ಬಿರುಸು ಮಳೆ ಬಿದ್ದೊಡನೆ ಮೇಲ್ಮೈ ಗಟ್ಟಿಯಾಗಿ ನೀರು ಹರಿದುಹೋಗುವುದರಿಂದ, ಸಜ್ಜೆ ಮತ್ತು ಶೇಂಗಾ ಹೊಲಗಳಿಗೆ ಸೊಪ್ಪಿನ ಹೊದಿಕೆ ಗೊಬ್ಬರವೂ ಹೌದು, ರಕ್ಷಣೆಯೂ ಹೌದು. ಗ್ಲಿರಿಸಿಡಿಯಾ ಕೊಂಬೆ ನೆಟ್ಟರೂ ಚಿಗುರುತ್ತದೆ. ಸುಬಾಬುಲ್ ಕುರಿಮೇಕೆಗಳಿಗೆ ಒಳ್ಳೆಯ ಮೇವಾದರೂ, ಬೀಜ ಸಿಡಿದು ಹೊಲಕ್ಕೆ ಕಳೆಯಾಗಿ ಹಬ್ಬಬಲ್ಲದು.

ಯಲಬುರ್ಗಾದ ಎರೆ ಭೂಮಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿನ ಹಿಂಗಾರಿ ಜೋಳ ಮತ್ತು ಕಡಲೆ ಬಿತ್ತನೆಯ ನಂತರ ಬಹುಮಟ್ಟಿಗೆ ಜೇಡಿಮಣ್ಣು ಹಿಡಿದಿಟ್ಟ ಹಸಿಯಿಂದಲೇ ಬೆಳೆಯುತ್ತವೆ. ಬದುವಿನ ಗಿಡಗಳೂ ಅದೇ ಸಂಗ್ರಹಕ್ಕೆ ಬೇರಿಳಿಸುತ್ತವೆ. ಬಿತ್ತನೆಯ ಹೊತ್ತಿಗೆ ಗಿಡಗಳನ್ನು ಮೊಣಕಾಲೆತ್ತರಕ್ಕೆ ಸವರಿದರೆ ಎಲೆಗಳಿಂದ ಆವಿಯಾಗುವ ನೀರು ಕಡಿಮೆಯಾಗುತ್ತದೆ, ಬದುವಿನ ಪಕ್ಕದಲ್ಲಿ ಆಳವಾಗಿ ನೇಗಿಲು ಹೊಡೆದರೆ ಹೊಲದೊಳಗೆ ಚಾಚಿದ ಬೇರುಗಳು ಕಡಿದುಹೋಗುತ್ತವೆ.

ಗಂಗಾವತಿಯ ಸಮಸ್ಯೆ ಇದಕ್ಕೆ ತದ್ವಿರುದ್ಧ. 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಯೋಜನೆಯ ಎಡದಂಡೆ ಕಾಲುವೆ ಇಲ್ಲಿ ಭತ್ತದ ಸಮೃದ್ಧಿಯನ್ನು ತಂದಿತಾದರೂ, ಬಸಿಯದೆ ನಿಂತ ನೀರು ತಗ್ಗು ಗದ್ದೆಗಳಲ್ಲಿ ಜವುಳನ್ನೂ ಸವುಳನ್ನೂ ಹೆಚ್ಚಿಸಿತು. ಆಳಕ್ಕೆ ಬೇರಿಳಿಸುವ ಮರಗಳ ಸಾಲು ಅಂತರ್ಜಲವನ್ನು ಹೀರಿ ಎಲೆಗಳ ಮೂಲಕ ಗಾಳಿಗೆ ಬಿಡುವುದನ್ನು ಜೈವಿಕ ಬಸಿಗಾಲುವೆ ಎನ್ನುತ್ತಾರೆ. ಕುಷ್ಟಗಿಯಲ್ಲಿ ಬೆಳೆಗೆ ಕೇಡೆನಿಸುವ ಬಾಯಾರಿಕೆಯೇ ಇಲ್ಲಿ ನೆಲಕ್ಕೆ ನೆರವಾಗುತ್ತದೆ. ಆದರೆ ಮರಗಳು ನೀರನ್ನಷ್ಟೇ ಹೊರಹಾಕಿ ಉಪ್ಪನ್ನು ಬಹುಮಟ್ಟಿಗೆ ಮಣ್ಣಿನಲ್ಲೇ ಉಳಿಸುವುದರಿಂದ ಬಸಿಗಾಲುವೆ ತೋಡುವ ಕೆಲಸ ತಪ್ಪುವುದಿಲ್ಲ. ಲವಣಪೀಡಿತ ಮಣ್ಣನ್ನು ಕುರಿತ ಅಖಿಲ ಭಾರತ ಸಂಶೋಧನಾ ಯೋಜನೆಯ ಒಂದು ಘಟಕ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿಯೇ ಇರುವುದು ಇಲ್ಲಿನ ರೈತರಿಗೆ ಅನುಕೂಲ.

ಬದುವನ್ನು ಜೀವಂತ ತಡೆಯಾಗಿಸುವ ಜ್ಞಾನ ಕರ್ನಾಟಕಕ್ಕೆ ಹೊಸದಲ್ಲ. ಗುಂಡ್ಲುಪೇಟೆ ಭಾಗದ ರೈತರು ತಲೆಮಾರುಗಳಿಂದ ಹೊಲದಂಚಿನಲ್ಲಿ ನೆಡುತ್ತ ಬಂದ ಲಾವಂಚದ ಸಾಲುಗಳು, 1980ರ ದಶಕದಲ್ಲಿ ಆ ಹುಲ್ಲನ್ನು ಮಣ್ಣಿನ ಸಂರಕ್ಷಣೆಗಾಗಿ ಪ್ರಚಾರ ಮಾಡಿದ ವಿಶ್ವಬ್ಯಾಂಕಿನ ತಜ್ಞರ ಗಮನ ಸೆಳೆದಿದ್ದವು. ಭಾರತವು 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಪ್ರಕಟಿಸಿತು. ಅದಕ್ಕೂ ಮೊದಲೇ ಆರಂಭವಾದ ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ರೈತರ ಹೊಲದಲ್ಲಿ ಬದುಕುಳಿದ ಸಸಿಗಳ ಎಣಿಕೆಯ ಮೇಲೆ ಹಣ ನೀಡುತ್ತದೆ. ಕೊಪ್ಪಳದಂಥ ಒಣ ಜಿಲ್ಲೆಯಲ್ಲಿ ಆ ಎಣಿಕೆಯೊಂದೇ ಸಾಲದು: ಸಸಿ ನಿಂತ ಜಾಗ ಬದುವೋ ಹೊಲವೋ, ಅದನ್ನು ಬಿತ್ತನೆಗೆ ಮೊದಲು ಸವರಲಾಯಿತೋ ಇಲ್ಲವೋ, ಎಷ್ಟು ಸೊಪ್ಪು ಮಣ್ಣಿಗೆ ಮರಳಿತು ಎಂಬುದೂ ಪ್ರೋತ್ಸಾಹದ ಲೆಕ್ಕಕ್ಕೆ ಸೇರಿದಾಗ ಮಾತ್ರ ಮರ ಮತ್ತು ಬೆಳೆ ಒಂದೇ ಹೊಲದಲ್ಲಿ ಬಾಳಬಲ್ಲವು.