1,099 ಡಾಲರಿನ ಫೋನು ಬೇಕಾ, ಬೇಡ್ವಾ?

ಇವತ್ತು ಮಾತಾಡ್ತಾ ಇರೋದು ನಿಮ್ಮ ಕೈಯಲ್ಲೇ ಇರುವ ವಸ್ತುವಿನ ಬಗ್ಗೆ.

ಸೆಪ್ಟೆಂಬರ್ ತಿಂಗಳಲ್ಲಿ ಎರಡು ಸಂಗತಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಒಂದು ಗಣೇಶನ ಹಬ್ಬ, ಇನ್ನೊಂದು ಹೊಸ ಐಫೋನು. ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತಲಿನವರ ಕಾವೇರಿ ಕನ್ನಡ ಸಂಘ ಇರಲಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ ಇರಲಿ, ಹಬ್ಬದ ಊಟದ ಸಾಲಿನಲ್ಲಿ ನಿಂತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ: "ಈ ಸಲ ಪ್ರೊ ತಗೊಳ್ತೀರಾ?" 2025ರಲ್ಲಿ ಐಫೋನ್ 17ಕ್ಕೆ 799 ಡಾಲರ್, 17 ಪ್ರೊಗೆ 1,099. ಸ್ಯಾಮ್‌ಸಂಗ್ ಎಸ್25 ಅಲ್ಟ್ರಾ 1,299. ಇನ್ನೊಂದು ತುದಿಯಲ್ಲಿ ಗೂಗಲ್ ಪಿಕ್ಸೆಲ್ 9ಎ ಇತ್ತು, 499ಕ್ಕೆ. ಇವೆಲ್ಲ ತೆರಿಗೆ ಸೇರಿಸದ ಬೆಲೆ. ಮುನ್ನೂರರಿಂದ ಎಂಟುನೂರು ಡಾಲರ್ ಹೆಚ್ಚು ಕೊಟ್ಟರೆ ನಿಜಕ್ಕೂ ಏನು ಸಿಗುತ್ತದೆ, ನೋಡೋಣ.

ವ್ಯತ್ಯಾಸ ಕಣ್ಣಿಗೆ ಕಾಣುವುದು ಕ್ಯಾಮೆರಾದಲ್ಲಿ. ರಾಜ್ಯೋತ್ಸವದ ಕಾರ್ಯಕ್ರಮ ಅಂದುಕೊಳ್ಳಿ. ಯಾವುದೋ ಹೈಸ್ಕೂಲಿನ ಆಡಿಟೋರಿಯಂ, ನೀವು ಇಪ್ಪತ್ತನೇ ಸಾಲಿನಲ್ಲಿ, ಮಗಳು ವೇದಿಕೆ ಮೇಲೆ ಕೋಲಾಟ ಆಡ್ತಾ ಇದ್ದಾಳೆ. ನೀವು ನಾಲ್ಕು ಪಟ್ಟು ಝೂಮ್ ಮಾಡ್ತೀರಿ. ಟೆಲಿಫೋಟೋ ಲೆನ್ಸ್ ಇಲ್ಲದ ಫೋನು ಆಗ ನಿಜವಾಗಿ ಹತ್ತಿರಕ್ಕೆ ಹೋಗುವುದಿಲ್ಲ, ಮುಖ್ಯ ಕ್ಯಾಮೆರಾದ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುತ್ತದೆ. ಉದ್ದದಲ್ಲಿ ಕಾಲು, ಅಗಲದಲ್ಲಿ ಕಾಲು, ಅಂದರೆ ಒಟ್ಟು ಹದಿನಾರನೇ ಒಂದು ಭಾಗ. 48 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಬರೀ 3.

ಪಿಕ್ಸೆಲ್ ಕಳೆದುಕೊಂಡದ್ದು ದೊಡ್ಡ ನಷ್ಟವಲ್ಲ ಅಂತಲೇ ಹೇಳ್ತೀನಿ, ವಾಟ್ಸ್ಯಾಪ್‌ನಲ್ಲಿ ಅಜ್ಜಿಗೆ ಕಳಿಸಲು 3 ಮೆಗಾಪಿಕ್ಸೆಲ್ ಧಾರಾಳ. ನಿಜವಾದ ನಷ್ಟ ಬೆಳಕಿನದು. ಬೆಳಕು ಫೋಟಾನ್ ಎಂಬ ಕಣಗಳಾಗಿ ಬಂದು ಬೀಳುತ್ತದೆ, ಮಳೆಹನಿ ಬಿದ್ದ ಹಾಗೆ. ಅಂಗಳದಲ್ಲಿ ಎರಡು ಬಟ್ಟಲು ಪಕ್ಕಪಕ್ಕ ಇಟ್ಟರೆ ಎರಡಕ್ಕೂ ಸಮನಾಗಿ ಹನಿ ಬೀಳೋದಿಲ್ಲ ಅಲ್ವಾ? ಫೋಟಾನ್ ಕಡಿಮೆಯಾದಷ್ಟೂ ಈ ಏರುಪೇರು ಎದ್ದು ಕಾಣುತ್ತದೆ. ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ಕಾಣುವ ಚುಕ್ಕೆಗಳಿಗೆ ಮುಖ್ಯ ಕಾರಣ ಇದು. ಚಿತ್ರದ ಶುದ್ಧತೆ ಫೋಟಾನ್ ಸಂಖ್ಯೆಯ ವರ್ಗಮೂಲದ ಜೊತೆ ಏರಿಳಿಯುತ್ತದೆ. ಬೆಳಕು ಹದಿನಾರನೇ ಒಂದು ಭಾಗಕ್ಕೆ ಇಳಿದರೆ ಶುದ್ಧತೆ ಕಾಲು ಭಾಗಕ್ಕೆ ಇಳಿಯುತ್ತದೆ. ಫೋನಿನ ಸಾಫ್ಟ್‌ವೇರ್ ಆ ಚುಕ್ಕೆಗಳನ್ನು ಒರೆಸಲು ಹೋಗಿ ಮಗಳ ಮುಖವನ್ನೂ ಮೇಣದ ಗೊಂಬೆ ಮಾಡಿಬಿಡುತ್ತದೆ.

ಪ್ರೊ ಮಾದರಿಯಲ್ಲಿರುವ ಪ್ರತ್ಯೇಕ ಟೆಲಿಫೋಟೋ ಕ್ಯಾಮೆರಾ ಇಲ್ಲಿ ಕೆಲಸಕ್ಕೆ ಬರುತ್ತದೆ, ಅದರ ಸೆನ್ಸರ್ ಪೂರ್ತಿ ಮಗಳ ಮೇಲೇ ಇರುತ್ತದೆ. ಆದರೆ ಜಾಹೀರಾತು ಹೇಳದ ಒಂದು ಮಾತಿದೆ. ಟೆಲಿಫೋಟೋ ಲೆನ್ಸಿನ ಬಾಯಿ ಕಿರಿದು, ಸೆನ್ಸರ್ ಸಣ್ಣದು. ಬೆಳಕು ತೀರಾ ಕಡಿಮೆಯಾದಾಗ ಹಲವು ಫೋನುಗಳು ಸದ್ದಿಲ್ಲದೆ ಮುಖ್ಯ ಕ್ಯಾಮೆರಾಕ್ಕೇ ಮರಳಿ, ಅದೇ ಕತ್ತರಿಸಿದ ತುಂಡನ್ನು ಕೊಡುತ್ತವೆ. ಪರೀಕ್ಷೆ ಮಾಡೋದು ಸುಲಭ: ಮಂದ ಬೆಳಕಿನ ಕೋಣೆಯಲ್ಲಿ ಝೂಮ್ ಮಾಡಿ, ಟೆಲಿಫೋಟೋ ಲೆನ್ಸಿಗೆ ಬೆರಳು ಅಡ್ಡ ಹಿಡಿಯಿರಿ. ಸ್ಕ್ರೀನು ಕಪ್ಪಾಗದಿದ್ದರೆ ಆ ಲೆನ್ಸು ಮಲಗಿದೆ ಅಂತ ಅರ್ಥ. ಝಗಮಗ ದೀಪದ ವೇದಿಕೆಗೆ ಪ್ರೊ ಸರಿ. ಮನೆಯ ದೀಪಾವಳಿ ರಾತ್ರಿಗೆ ಮುಖ್ಯ ಕ್ಯಾಮೆರಾ ಚೆನ್ನಾಗಿದ್ದರೆ ಸಾಕು, ಅದು 799ರ ಫೋನಿನಲ್ಲೂ ಚೆನ್ನಾಗಿದೆ.

ಇನ್ನು ಚಿಪ್ಪು. ಇದಕ್ಕೆ ನಾರ್ತ್ ಕ್ಯಾರೊಲೈನಾದ ಬೆಟ್ಟಗಳಿಗೇ ಹೋಗಬೇಕು, ಸ್ಪ್ರೂಸ್ ಪೈನ್ ಎಂಬ ಪುಟ್ಟ ಊರಿಗೆ. ಅಲ್ಲಿನ ಬೆಣಚುಕಲ್ಲಿನಷ್ಟು ಶುದ್ಧವಾದ ಕ್ವಾರ್ಟ್ಜ್ ಪ್ರಪಂಚದಲ್ಲಿ ಬಹಳ ಅಪರೂಪ. ಚಿಪ್ಪಿಗೆ ಬೇಕಾದ ಸಿಲಿಕಾನನ್ನು 1,414 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕರಗಿಸಿ, ಅದರಿಂದ ನಿಧಾನವಾಗಿ ಒಂದೇ ಹರಳಿನ ಕಂಬವನ್ನು ಮೇಲಕ್ಕೆ ಎಳೀತಾರೆ. ಕರಗಿಸುವ ಮೂಸೆಯಲ್ಲಿ ಕೊಳೆಯಿದ್ದರೆ ಹರಳೂ ಕೆಡುತ್ತದೆ. ಅದಕ್ಕೇ ಮೂಸೆಗೆ ಸ್ಪ್ರೂಸ್ ಪೈನ್‌ನ ಕ್ವಾರ್ಟ್ಜ್. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂದು ಅಲ್ಲಿನ ಗಣಿ ನಿಂತಾಗ ಪ್ರಪಂಚದ ಚಿಪ್ ಉದ್ಯಮವೇ ಆ ಊರಿನ ಹೆಸರು ಹೇಳಿತು.

200 ಡಾಲರ್ ಫೋನಾಗಲಿ, 1,299 ಡಾಲರ್ ಫೋನಾಗಲಿ, ಎರಡರ ಚಿಪ್ಪೂ ಹುಟ್ಟುವುದು ಇಂಥದೇ ಮೂಸೆಯಲ್ಲಿ. ಆಮೇಲೆ ಕೆತ್ತನೆ ಎಷ್ಟು ಸೂಕ್ಷ್ಮ ಎಂಬುದರಲ್ಲಿ ವ್ಯತ್ಯಾಸ. ಆ ವ್ಯತ್ಯಾಸ ಗೊತ್ತಾಗುವುದು ಭಾರಿ ಆಟಗಳಲ್ಲಿ, ಉದ್ದನೆಯ ವಿಡಿಯೊ ಎಡಿಟಿಂಗ್‌ನಲ್ಲಿ. ಮ್ಯಾಪು, ಬ್ಯಾಂಕು, ಯೂಟ್ಯೂಬು, ಯುಪಿಐಗಳಲ್ಲಿ ಗೊತ್ತಾಗೋದಿಲ್ಲ. ಅಟ್ಲಾಂಟಾದ ಆಗಸ್ಟ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದರಂತೂ ಎಷ್ಟೇ ದುಬಾರಿ ಚಿಪ್ಪೂ ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತದೆ.

ಅದೇ ಹೆಲೀನ್ ಇನ್ನೊಂದು ವಿಷಯ ತೋರಿಸಿತು. ಪಶ್ಚಿಮ ನಾರ್ತ್ ಕ್ಯಾರೊಲೈನಾದಲ್ಲಿ ಟವರುಗಳು ಸತ್ತು ಜನ ದಿನಗಟ್ಟಲೆ ಸಂಪರ್ಕವಿಲ್ಲದೆ ಕೂತಾಗ, ಕೆಲವರು ಐಫೋನಿನಿಂದ ಉಪಗ್ರಹದ ಮೂಲಕ ಮನೆಯವರಿಗೆ ಸಂದೇಶ ಕಳಿಸಿದರು. ಆ ಸೌಲಭ್ಯ ಬಂದು ಎರಡು ವಾರವೂ ಆಗಿರಲಿಲ್ಲ. ಅದಕ್ಕೆ ಪ್ರೊ ಬೇಕಿರಲಿಲ್ಲ. 2022ರ ಸಾಮಾನ್ಯ ಐಫೋನ್ 14 ಸಾಕಾಗಿತ್ತು, ಸಾಫ್ಟ್‌ವೇರ್ ಮಾತ್ರ ಹೊಸದಿರಬೇಕಿತ್ತು. ರ‍್ಯಾಲಿ, ಶಾರ್ಲೆಟ್ ಕಡೆಯ ಕೇಳುಗರು ಬ್ಲೂ ರಿಡ್ಜ್ ಬೆಟ್ಟಕ್ಕೆ ವಾರಾಂತ್ಯದಲ್ಲಿ ಹೋಗುವವರಾದರೆ, ಯಾವ ಫೋನು ಅಂತ ನೋಡುವಾಗ ಲೆನ್ಸಿಗಿಂತ ಮೊದಲು ಇದನ್ನು ನೋಡಿ.

5ಜಿ ಬಗ್ಗೆ ಎರಡೇ ಮಾತು. ದುಬಾರಿ ಫೋನುಗಳ ಪಟ್ಟಿಯಲ್ಲಿ ಮಿಲಿಮೀಟರ್ ತರಂಗ ಅಂತ ಇರುತ್ತದೆ. 28 ಗಿಗಾಹರ್ಟ್ಸ್‌ನ ತರಂಗ ಸುಮಾರು ಒಂದು ಸೆಂಟಿಮೀಟರ್ ಉದ್ದ, ಎಲೆ ಅಡ್ಡ ಬಂದರೂ ತಡವರಿಸುತ್ತದೆ. "ಕಾಡಿನೊಳಗಿನ ನಗರ" ಅಂತಲೇ ಹೆಸರಾದ ಅಟ್ಲಾಂಟಾದಲ್ಲಿ ಅದು ಸ್ಟೇಡಿಯಂ ಬಿಟ್ಟರೆ ಎಲ್ಲಿ ಸಿಗಬೇಕು?

ಈಗ ಆಯುಷ್ಯ. ಮೊದಲೆಲ್ಲ ದುಬಾರಿ ಫೋನು ಕೊಳ್ಳಲು ಒಂದು ಗಟ್ಟಿ ಕಾರಣವಿತ್ತು: ಸಾಫ್ಟ್‌ವೇರ್ ಅಪ್‌ಡೇಟ್ ಹೆಚ್ಚು ವರ್ಷ ಬರುತ್ತಿತ್ತು. ಈಗ 499ರ ಪಿಕ್ಸೆಲ್ 9ಎಗೂ ಏಳು ವರ್ಷದ ಭರವಸೆ ಇದೆ. ಮೊದಲು ಸೋಲುವುದು ಬ್ಯಾಟರಿ. ಐಫೋನ್ 15ರಿಂದ ಈಚಿನವು 1,000 ಚಾರ್ಜ್ ಆವೃತ್ತಿ ಆದಮೇಲೆ ಶೇ 80 ಸಾಮರ್ಥ್ಯ ಉಳಿಸಿಕೊಳ್ಳುತ್ತವೆ ಅಂತ ಆಪಲ್ ಹೇಳುತ್ತದೆ, ಹಳೆಯವಕ್ಕೆ 500. ದಿನಕ್ಕೊಂದು ಆವೃತ್ತಿ ಅಂದರೆ ಮೂರು ವರ್ಷದ ಮಾತು. ಆಗ ನೂರು ಡಾಲರ್ ಆಸುಪಾಸಿನಲ್ಲಿ ಬ್ಯಾಟರಿ ಬದಲಿಸಿದರೆ ಇನ್ನೂ ಮೂರು ವರ್ಷ ಬರುತ್ತದೆ. 2017ರಲ್ಲಿ, ಹಳೆಯ ಬ್ಯಾಟರಿ ಇರುವ ಐಫೋನುಗಳ ವೇಗವನ್ನು ತಾನೇ ಇಳಿಸುತ್ತಿದ್ದೆ ಅಂತ ಆಪಲ್ ಒಪ್ಪಿಕೊಂಡದ್ದು ನೆನಪಿರಬಹುದು. ಬ್ಯಾಟರಿ ಬದಲಿಸಿದರೆ ಅದೇ ಫೋನು ಮತ್ತೆ ಚುರುಕಾಗುತ್ತಿತ್ತು. "ಫೋನು ಹಳೇದಾಯ್ತು" ಅನ್ನುವ ದೂರಿನಲ್ಲಿ ಅರ್ಧ ಬ್ಯಾಟರಿಯ ದೂರು ಅಂತ ನನ್ನ ಗುಮಾನಿ.

"ನಮಗೆ ಫ್ರೀ ಸಿಗ್ತದಲ್ಲ" ಅನ್ನುವವರಿಗೆ ಈಗ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ವೆರೈಝನ್, ಎಟಿ ಆ್ಯಂಡ್ ಟಿಗಳಲ್ಲಿ ಈ ಫ್ರೀ ಅಂದರೆ 36 ತಿಂಗಳ ಕಂತು, ಪ್ರತಿ ತಿಂಗಳೂ ಆ ಕಂತನ್ನು ಬಿಲ್ಲಿನಲ್ಲಿ ಮನ್ನಾ ಮಾಡುವುದು. ದುಬಾರಿ ಪ್ಲಾನಿನಲ್ಲೇ ಉಳಿಯಬೇಕೆಂಬ ಷರತ್ತು ಹಲವು ಸಲ ಜೊತೆಗಿರುತ್ತದೆ. ಉದಾಹರಣೆಗೆ, ಪ್ಲಾನು 85 ಡಾಲರ್, ಅದರ ಬದಲು 30 ಡಾಲರಿನ ಪ್ರೀಪೇಯ್ಡ್ ನಿಮಗೆ ಸಾಕಾಗುತ್ತಿತ್ತು ಅಂತಿಟ್ಟುಕೊಳ್ಳಿ. ತಿಂಗಳಿಗೆ 55 ಹೆಚ್ಚು, 36 ತಿಂಗಳಿಗೆ 1,980. ಫ್ರೀ ಫೋನಿಗೆ ಎರಡು ಫೋನಿನ ದುಡ್ಡು! ಇದು ಒಂಟಿ ಲೈನಿನ ಲೆಕ್ಕ. ನಾಲ್ಕು ಜನರ ಕುಟುಂಬದ ಪ್ಲಾನಾದರೆ ಅಂತರ ಕುಗ್ಗುತ್ತದೆ, ಕೆಲವೊಮ್ಮೆ ಲಾಭವೂ ಆಗುತ್ತದೆ.

ಆದರೆ ಎಚ್-1ಬಿ ಮೇಲಿರುವ ಹುಡುಗ ಹುಡುಗಿಯರು ಇನ್ನೊಂದು ಲೆಕ್ಕ ಹಾಕಬೇಕು. ಕೆಲಸ ಹೋದರೆ ಈ ದೇಶದಲ್ಲಿ ಸಿಗುವ ಅವಧಿ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸವೋ ಬೇರೆ ವೀಸಾವೋ ಆಗದಿದ್ದರೆ ಹೊರಡಬೇಕು. ಫೋನಿನ ಒಪ್ಪಂದ ಮಾತ್ರ 36 ತಿಂಗಳದ್ದು. 1,099ರ ಫೋನಿಗೆ ಕಂತು ತಿಂಗಳಿಗೆ ಸುಮಾರು 30.50. ಹದಿನಾಲ್ಕನೇ ತಿಂಗಳಿಗೆ ಲೈನು ಮುಚ್ಚಿದರೆ ಮನ್ನಾ ನಿಲ್ಲುತ್ತದೆ, ಉಳಿದ 22 ಕಂತು, ಸುಮಾರು 670 ಡಾಲರ್, ಕಟ್ಟಬೇಕಾಗುತ್ತದೆ. ಮನೆ ಖಾಲಿ ಮಾಡಿ, ಕಾರು ಮಾರಿ, ಟಿಕೆಟ್ ಹುಡುಕುವ ಹೊತ್ತಿಗೇ ಆ ಬಿಲ್ಲೂ ಬರುತ್ತದೆ. ಕಂತು ತೀರದ ಫೋನು ಸಾಮಾನ್ಯವಾಗಿ ಲಾಕ್ ಆಗಿರುತ್ತದೆ, ಬೆಂಗಳೂರಿಗೆ ಹೋಗಿ ಏರ್‌ಟೆಲ್ಲೋ ಜಿಯೋನೋ ಹಾಕಿದರೆ ನಡೆಯೋದಿಲ್ಲ. ಇಂಥವರಿಗೆ ನನ್ನ ಸಲಹೆ ನೇರ: ಅನ್‌ಲಾಕ್ ಆದ ಫೋನು, ಪೂರ್ತಿ ದುಡ್ಡು ಕೊಟ್ಟು. ಪೂರ್ತಿ ದುಡ್ಡು ಕೊಡಲು ಕೈ ಹಿಂಜರಿದರೆ, 499ರದ್ದು.

ಕೊನೆಗೆ, ಊರಿಗೆ ಒಯ್ಯುವ ಫೋನು. ಐಫೋನು ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ತಯಾರಾಗುತ್ತದೆ. ಆದರೂ ಅಮೆರಿಕದಿಂದ ತರಿಸಿದರೆ ಅಗ್ಗ ಅಂತ ನಾವು ಅದನ್ನು ಮತ್ತೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ ಇಳಿಸುತ್ತೇವೆ! 2025ರ ಲೆಕ್ಕ ನೋಡಿ. ಐಫೋನ್ 17ಕ್ಕೆ ಉತ್ತರ ವರ್ಜೀನಿಯಾದ ಶೇ 6 ತೆರಿಗೆ ಸೇರಿ ಸುಮಾರು 847 ಡಾಲರ್. ಡಾಲರಿಗೆ 88 ರೂಪಾಯಿಯಂತೆ 74,500. ಭಾರತದಲ್ಲಿ ಬಿಡುಗಡೆಯಾದ ಬೆಲೆ, ಜಿಎಸ್‌ಟಿ ಸೇರಿ, 82,900. ಉಳಿಯುವುದು ಎಂಟು ಸಾವಿರ ಚಿಲ್ಲರೆ. ಪ್ರೊ ಆದರೆ ಇಲ್ಲಿ 1,02,500, ಅಲ್ಲಿ 1,34,900, ಅಂತರ ದೊಡ್ಡದು.

ಆದರೆ 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಇಲ್ಲಿರುವ ನಮಗೆ ಅದು ಅನುಕೂಲ. ಇಲ್ಲಿನ ನಂಬರು, ಊರಿನ ಬ್ಯಾಂಕಿನ ಓಟಿಪಿ ಬರುವ ನಂಬರು ಎರಡೂ ಒಂದೇ ಫೋನಿನಲ್ಲಿ ಕೂರುತ್ತವೆ. ದಾವಣಗೆರೆಯಲ್ಲಿ ಒಬ್ಬರೇ ಇರುವ ಅಪ್ಪನಿಗೆ ಹಾಗಲ್ಲ. ಅವರ ಪಿಂಚಣಿ, ಯುಪಿಐ, ಗ್ಯಾಸ್ ಬುಕಿಂಗ್ ಎಲ್ಲವೂ ಆ ಒಂದು ನಂಬರಿಗೆ ಕಟ್ಟಿಕೊಂಡಿವೆ. ಫೋನು ಬಿದ್ದು ಸ್ಕ್ರೀನು ಹೋದ ದಿನ, ಹಳೆಯ ಪದ್ಧತಿಯಲ್ಲಾದರೆ ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿಕೊಂಡು ಕೆಲಸ ಮುಂದುವರಿಸುತ್ತಾರೆ. ಇ-ಸಿಮ್ ಆದರೆ ಆಧಾರ್ ಹಿಡಿದು ಅಂಗಡಿಗೆ ಹೋಗಬೇಕು, ಅಲ್ಲಿ ಕಾಯಬೇಕು, ಮತ್ತೆ ನಮಗೆ ಫೋನು ಮಾಡೋಣವೆಂದರೆ ಫೋನೇ ಇಲ್ಲ. ಅಪ್ಪ ಅಮ್ಮನಿಗೆ ಕೊಡುವುದಾದರೆ ಆ ಎಂಟು ಸಾವಿರದ ಆಸೆ ಬಿಟ್ಟು ಊರಿನ ಅಂಗಡಿಯಲ್ಲೇ, ಸಿಮ್ ಜಾಗ ಇರುವ ಫೋನು ಕೊಡಿಸಿ. ರಿಪೇರಿಗೂ ಅದೇ ಅಂಗಡಿಯವನು ಸಿಗುತ್ತಾನೆ.

ಟೆಲಿಫೋಟೋ ಲೆನ್ಸಿಗೆ ಬೆರಳು ಹಿಡಿಯುವ ಆ ಪರೀಕ್ಷೆ ಇವತ್ತು ರಾತ್ರಿಯೇ ಮಾಡಿ ನೋಡಿ. ಯಾವ ಫೋನಿನಲ್ಲಿ ಏನಾಯಿತು ಅಂತ ನಮಗೂ ಬರೆದು ತಿಳಿಸಿ.