ಆಕ್ಸೆಸ್ ತಂತ್ರಾಂಶದಲ್ಲಿ ‘ಮಿಸ್ಸಿಂಗ್’ ರೆಫರೆನ್ಸ್ ದೋಷ: ಕಾರಣ ಮತ್ತು ಪರಿಹಾರ ಕ್ರಮ

ದಾಸ್ತಾನು ವಹಿ, ಪತ್ರ ಸ್ವೀಕೃತಿ ವಹಿ ಮುಂತಾದವುಗಳನ್ನು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ನಿರ್ವಹಿಸುವ ಕಚೇರಿಗಳಲ್ಲಿ ಗಣಕಯಂತ್ರ ಅಥವಾ ಆಫೀಸ್ ತಂತ್ರಾಂಶದ ಆವೃತ್ತಿ ಬದಲಾದಾಗ, ಅದುವರೆಗೆ ಸರಿಯಾಗಿದ್ದ ಕಡತವು “ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ” ಎಂಬ ಸಂದೇಶ ತೋರಿಸಿ ಸ್ಥಗಿತಗೊಳ್ಳುವುದುಂಟು. ಕಡತವೇ ಹಾಳಾಗಿದೆಯೆಂದು ಭಾವಿಸಿ ಅದರ ಸ್ಥಾನದಲ್ಲಿ ಹಳೆಯ ಪ್ರತಿಯನ್ನು ಇರಿಸಿದಲ್ಲಿ, ಆ ಪ್ರತಿಯ ನಂತರ ನಮೂದಿಸಿದ ದಾಖಲೆಗಳೆಲ್ಲವೂ ನಷ್ಟವಾಗುತ್ತವೆ. ವಾಸ್ತವವಾಗಿ ಈ ದೋಷದಿಂದ ಟೇಬಲ್‌ಗಳಲ್ಲಿರುವ ದತ್ತಾಂಶಕ್ಕೆ ಧಕ್ಕೆಯಾಗುವುದಿಲ್ಲ.

ದೋಷಕ್ಕೆ ಕಾರಣ

ಆಕ್ಸೆಸ್ ಕಡತದ ವಿಬಿಎ ಸಂಕೇತಗಳು ಎಕ್ಸೆಲ್, ಔಟ್‌ಲುಕ್ ಮುಂತಾದವುಗಳ ಲೈಬ್ರರಿಗಳನ್ನು ಅವಲಂಬಿಸಿರಬಹುದು. ಇವುಗಳ ಪಟ್ಟಿಯು ಕಡತದಲ್ಲಿ ಉಳಿಯುತ್ತದೆಯೇ ಹೊರತು ಲೈಬ್ರರಿಗಳು ಆಯಾ ಗಣಕಯಂತ್ರದಲ್ಲಿಯೇ ಇರಬೇಕಾಗುತ್ತದೆ. ಪಟ್ಟಿಯ ಒಂದು ಲೈಬ್ರರಿ ಕಾಣೆಯಾದರೂ ಅದಕ್ಕೆ ಸಂಬಂಧವೇ ಇಲ್ಲದ ಡೇಟ್, ಲೆಫ್ಟ್, ಫಾರ್ಮ್ಯಾಟ್ ಮುಂತಾದ ಸಾಮಾನ್ಯ ಫಂಕ್ಷನ್‌ಗಳೂ ವಿಫಲವಾಗಬಹುದು. ಆದ್ದರಿಂದ ಸಂದೇಶದೊಂದಿಗೆ ಗುರುತಾಗುವ ಸಾಲಿನಲ್ಲಿಯೇ ತಪ್ಪಿದೆಯೆಂದು ತಿಳಿಯಬಾರದು.

ಆಫೀಸ್ 2010ರ ಲೈಬ್ರರಿಗಳ ಆವೃತ್ತಿ 14.0, ಆಫೀಸ್ 2016 ಮತ್ತು 2019ರಲ್ಲಿ ಅದು 16.0. ಹಳೆಯ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದಾಗ ಆಫೀಸ್ ಲೈಬ್ರರಿಗಳು ಸಾಮಾನ್ಯವಾಗಿ ತಾವಾಗಿಯೇ ಹೊಂದಿಕೊಳ್ಳುತ್ತವೆ. ಅದೇ ಕಡತವನ್ನು ಮರಳಿ ಹಳೆಯ ಆವೃತ್ತಿಯಲ್ಲಿ ತೆರೆದಾಗ ಹೊಂದಿಕೊಳ್ಳುವುದಿಲ್ಲ. ಹಿಂದಿನ ಕ್ಯಾಲೆಂಡರ್ ಕಂಟ್ರೋಲ್ ಅನ್ನು ಆಕ್ಸೆಸ್ 2010ರಿಂದ ಕೈಬಿಡಲಾಗಿದೆ. 32 ಬಿಟ್‌ನ ಆಕ್ಟಿವ್‌ಎಕ್ಸ್ ಕಂಟ್ರೋಲ್‌ಗಳು 64 ಬಿಟ್ ಆಫೀಸ್‌ನಲ್ಲಿ ಕಾರ್ಯನಿರ್ವಹಿಸುವುದಿಲ್ಲ.

ಅನುಸರಿಸಬೇಕಾದ ಕ್ರಮ

1. ಎಲ್ಲ ಬಳಕೆದಾರರೂ ಕಡತವನ್ನು ಮುಚ್ಚಿದ ನಂತರ, ದಿನಾಂಕ ನಮೂದಿಸಿ ಅದರ ಪ್ರತಿಯೊಂದನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು.

2. ಕಡತವನ್ನು ತೆರೆದು ಆಲ್ಟ್ ಮತ್ತು ಎಫ್11 ಕೀಲಿಗಳನ್ನು ಒಟ್ಟಿಗೆ ಒತ್ತಿ, ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ಆಯ್ಕೆ ಮಾಡುವುದು. ಅದು ಮಸುಕಾಗಿದ್ದಲ್ಲಿ ಮೊದಲು ರನ್ ಮೆನುವಿನ ರೀಸೆಟ್ ಒತ್ತುವುದು.

3. ‘ಮಿಸ್ಸಿಂಗ್’ ಎಂದು ಆರಂಭವಾಗುವ ಸಾಲಿನ ಪೂರ್ಣ ಹೆಸರನ್ನು ಬರೆದಿಟ್ಟುಕೊಂಡು, ಅದರ ಮುಂದಿನ ಗುರುತನ್ನು ತೆಗೆಯುವುದು. ಅದೇ ಲೈಬ್ರರಿಯ ಬೇರೆ ಆವೃತ್ತಿ ಪಟ್ಟಿಯಲ್ಲಿದ್ದಲ್ಲಿ ಅದನ್ನು ಗುರುತಿಸುವುದು.

4. ಡಿಬಗ್ ಮೆನುವಿನಲ್ಲಿ ಕಂಪೈಲ್ ಮಾಡುವುದು. ದೋಷ ಬಾರದಿದ್ದಲ್ಲಿ ಫಾರಂ ಹಾಗೂ ವರದಿಗಳನ್ನು ತೆರೆದು ಪರಿಶೀಲಿಸುವುದು. “ಯೂಸರ್ ಡಿಫೈನ್ಡ್ ಟೈಪ್ ನಾಟ್ ಡಿಫೈನ್ಡ್” ಎಂದು ಬಂದಲ್ಲಿ ಆ ಲೈಬ್ರರಿ ನಿಜಕ್ಕೂ ಬಳಕೆಯಲ್ಲಿದೆಯೆಂದು ತಿಳಿದು, ಸಂಬಂಧಿಸಿದ ತಂತ್ರಾಂಶವನ್ನು ಅಧಿಕೃತ ಮೂಲದಿಂದ ಅಳವಡಿಸುವುದು.

5. ಎಸಿಸಿಡಿಇ ಕಡತದಲ್ಲಿ ಈ ತಿದ್ದುಪಡಿ ಸಾಧ್ಯವಿಲ್ಲ. ಮೂಲ ಎಸಿಸಿಡಿಬಿ ಕಡತದಲ್ಲಿ ತಿದ್ದಿ ಹೊಸದಾಗಿ ತಯಾರಿಸಬೇಕಾಗುತ್ತದೆ. ಆದಕಾರಣ ಮೂಲ ಕಡತವನ್ನು ಕಚೇರಿಯಲ್ಲಿ ಕಡ್ಡಾಯವಾಗಿ ಸಂರಕ್ಷಿಸತಕ್ಕದ್ದು.

ಕಾಣೆಯಾದ ಡಿಎಲ್‌ಎಲ್ ಕಡತಗಳನ್ನು ಅಪರಿಚಿತ ಜಾಲತಾಣಗಳಿಂದ ಪಡೆದು ಅಳವಡಿಸಬಾರದು. ಅವುಗಳೊಂದಿಗೆ ವೈರಸ್ ಬರುವ ಅಪಾಯವಿರುತ್ತದೆ.

ಮುಂಜಾಗ್ರತೆ

ಟೇಬಲ್‌ಗಳನ್ನು ಒಂದು ಕಡತದಲ್ಲಿಯೂ ಫಾರಂ, ವರದಿ ಮತ್ತು ಸಂಕೇತಗಳನ್ನು ಇನ್ನೊಂದರಲ್ಲಿಯೂ ಇರಿಸಿ, ಎರಡನೆಯದರ ಪ್ರತ್ಯೇಕ ಪ್ರತಿಯನ್ನು ಪ್ರತಿ ಗಣಕಯಂತ್ರಕ್ಕೆ ನೀಡುವುದು ಸೂಕ್ತ. ಆಗ ಒಂದು ಯಂತ್ರದಲ್ಲಾದ ಆವೃತ್ತಿ ಬದಲಾವಣೆ ಇತರರ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ತಂತ್ರಾಂಶ ರೂಪಿಸುವವರು ಕ್ರಿಯೇಟ್‌ಆಬ್ಜೆಕ್ಟ್ ಮೂಲಕ ಎಕ್ಸೆಲ್ ಮುಂತಾದವುಗಳನ್ನು ಬಳಸಿದಲ್ಲಿ, ಅವುಗಳನ್ನು ರೆಫರೆನ್ಸ್ ಪಟ್ಟಿಗೆ ಸೇರಿಸುವ ಅಗತ್ಯವೇ ಉಳಿಯುವುದಿಲ್ಲ. ದೋಷ ಕಂಡುಬಂದ ಕೂಡಲೇ ಕಡತವನ್ನು ಅಳಿಸದೆ, ಬದಲಿಸದೆ, ಮೇಲಿನ ಕ್ರಮದಂತೆ ಪರಿಶೀಲಿಸಿದಲ್ಲಿ ದಾಖಲೆಗಳು ಸುರಕ್ಷಿತವಾಗಿ ಉಳಿಯುತ್ತವೆ.