ಮುಖ ಯಾರ ಸೊತ್ತು?

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯನ್ನು ಕಾಣದ ಬೆಂಗಳೂರಿಗರು ವಿರಳ. ಈಚಿನ ಒಂದು ಪರಿಷೆಯಲ್ಲಿ, ರಾಶಿಯ ಮುಂದೆ ಸೇರು ಹಿಡಿದು ಕುಳಿತಿದ್ದ ಮುದುಕಿಯೊಬ್ಬಳತ್ತ ತರುಣನೊಬ್ಬ ತನ್ನ ಮೊಬೈಲ್ ಫೋನನ್ನು ಎತ್ತಿ ಹಿಡಿದ. ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡು, "ಕಾಯಿ ಬೇಕಾದ್ರೆ ತಗೊಳ್ಳಪ್ಪ, ನನ್ ಮುಖ ಯಾಕೆ ನಿಂಗೆ?" ಎಂದಳು. ಸುತ್ತಲಿದ್ದವರು ನಕ್ಕರು. ತರುಣನೂ ನಕ್ಕು ಮುಂದೆ ಸರಿದ. ಅಷ್ಟರಲ್ಲಿ ತೆಗೆದಾಗಿದ್ದ ಚಿತ್ರ ಅವನ ಜೇಬಿನಲ್ಲಿ ಹೊರಟುಹೋಯಿತು.

ಮುದುಕಿಯ ಪ್ರಶ್ನೆ ನಗೆಯೊಡನೆ ಮುಗಿಯುವಂಥದಲ್ಲ. ಪರಿಷೆಯಲ್ಲಿ ಸಾವಿರ ಕಣ್ಣುಗಳು ಆಕೆಯನ್ನು ಕಂಡಿದ್ದುವು. ಅದಕ್ಕೆ ಆಕೆ ಬೇಸರಿಸಿರಲಿಲ್ಲ. ನೋಡಿದವನನ್ನು ನಾವೂ ತಿರುಗಿ ನೋಡಬಹುದು. ಅವನ ನೆನಪೂ ಕಾಲಕ್ರಮದಲ್ಲಿ ಮಾಸುತ್ತದೆ. ಕ್ಯಾಮರಾ ಕಂಡದ್ದು ಮಾಸದು. ಅದು ಎಲ್ಲಿಗೆ ಹೋಗುವುದೋ, ಯಾರು ಯಾವ ಭಾವದಿಂದ ನೋಡುವರೋ, ಚಿತ್ರದೊಳಗಿರುವವರು ಅರಿಯರು. ನಮ್ಮ ಮೆಟ್ರೋ ರೈಲುಗಳಲ್ಲಿ ಪಯಣಿಸುತ್ತಿದ್ದ ಹೆಣ್ಣುಮಕ್ಕಳ ವಿಡಿಯೋಗಳನ್ನು ಅವರಿಗೆ ತಿಳಿಯದಂತೆ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಹರಡಿದ ಪ್ರಕರಣ 2025ರ ಮೇ ತಿಂಗಳಿನಲ್ಲಿ ಬಯಲಾಗಿ, ಪೊಲೀಸರು ಒಬ್ಬನನ್ನು ಬಂಧಿಸಿದರು. ಮಲ್ಲೇಶ್ವರದಿಂದ ಬಸವನಗುಡಿಯ ಕಾಲೇಜುಗಳಿಗೆ ಅದೇ ರೈಲಿನಲ್ಲಿ ಬರುವ ವಿದ್ಯಾರ್ಥಿನಿ ಇನ್ನು ಎದುರು ಕುಳಿತವನ ಕೈಯನ್ನು ಶಂಕಿಸದೆ ಪುಸ್ತಕ ತೆರೆಯುವುದು ಹೇಗೆ?

ಶಾಸನವೇನೂ ಕಣ್ಣು ಮುಚ್ಚಿ ಕುಳಿತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಇ ಕಲಮು, ಒಬ್ಬರ ಗುಪ್ತಾಂಗಗಳ ಚಿತ್ರವನ್ನು ಸಮ್ಮತಿಯಿಲ್ಲದೆ ತೆಗೆದವರಿಗೂ ಹರಡಿದವರಿಗೂ 3 ವರ್ಷಗಳವರೆಗೆ ಸೆರೆ, 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ, ಹೆಣ್ಣಿನ ಏಕಾಂತವನ್ನು ಇಣಿಕಿ ನೋಡಿದ ಅಥವಾ ಚಿತ್ರ ತೆಗೆದವರಿಗೆ ಮೊದಲ ಸಲ 1ರಿಂದ 3 ವರ್ಷ, ಮತ್ತೆ ಎಸಗಿದರೆ 3ರಿಂದ 7 ವರ್ಷ ಸೆರೆ. ಆದರೆ ಈ ಎರಡೂ ಕಲಮುಗಳು ಕಾಯುವುದು ಮೈಯ ಮರೆಯನ್ನು, ಕೋಣೆಯ ಮರೆಯನ್ನು. ರೈಲಿನಲ್ಲಿ ಸುಮ್ಮನೆ ಕುಳಿತವಳ ಮುಖಕ್ಕೆ, ಬೀದಿಯಲ್ಲಿ ಕಾಯಿ ಮಾರುವವಳ ಮುಖಕ್ಕೆ ಇವುಗಳಲ್ಲಿ ನೇರವಾದ ಕಾವಲಿಲ್ಲ.

ಈ ಕೊರತೆಯನ್ನು ಕುರಿತು ಯೋಚಿಸುವವರಿಗೆ ಕನ್ನಡನಾಡಿನ ಹಿರಿಯರೊಬ್ಬರ ಹೆಸರು ನೆನಪಾಗಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಅಳಿಯದು, ಅದು ವ್ಯಕ್ತಿಯೊಡನೆಯೇ ಇರುತ್ತದೆ ಎಂಬ ತತ್ತ್ವವೂ ಆ ತೀರ್ಪಿನಲ್ಲಿದೆ. ಮುದುಕಿ ಸೆರಗೆಳೆದು ಹೇಳಿದ್ದು ಇದನ್ನೇ ಅಲ್ಲವೆ?

'ಖಾಸಗಿ' ನಮ್ಮ ಭಾಷೆಗೆ ಹೊರಗಿನಿಂದ ಬಂದ ಮಾತು. ಆದರೆ ಅದರ ಹುರುಳು ನಮಗೆ ಹೊಸದಲ್ಲ. 'ಮರ್ಯಾದೆ' ಎಂಬ ಪದಕ್ಕೆ ಎಲ್ಲೆ ಎಂಬುದೇ ಮೂಲಾರ್ಥ. ಇನ್ನೊಬ್ಬರ ಎಲ್ಲೆಯನ್ನು ಅರಿತು ನಿಲ್ಲುವವನೇ ಮರ್ಯಾದಸ್ಥ. ತತ್ತ್ವ ತೀರ್ಪಿನಿಂದಿಳಿದು ಕಾಯಿದೆಯ ಕಲಮಾಗುವುದಕ್ಕೆ ಕಾಲ ಹಿಡಿಯಬಹುದು. "ಚಿತ್ರ ತೆಗೆಯಲೆ, ಅಜ್ಜಿ?" ಎಂದು ಕೇಳುವುದಕ್ಕೆ ಅಷ್ಟು ಕಾಯಬೇಕಾಗಿಲ್ಲ. ಬೇಡವೆಂದರೆ, ಒಂದು ಸೇರು ಕಡಲೆಕಾಯಿ ಕೊಂಡು ಮುಂದೆ ನಡೆಯಬಹುದು.